ಏಳನೆಯ ಕಲಂ

ಶುಕ್ರವಾರದೊಳಗೆ ಕೊಡಬೇಕು ಹಾಳೆ.
ಸೆಕ್ರೆಟರಿ ಎರಡು ಸಲ ಹೇಳಿಯಾಗಿದೆ,
ಮೂರನೆಯ ಸಲ ಹೇಳುವ ಜನ ಅಲ್ಲ ಅವರು.
ಬ್ಯಾಂಕಿನ ನೌಕರರಿಗೆ ಆಸ್ಪತ್ರೆಯ ವಿಮೆಯಂತೆ,
ತಲೆಗೆ ಇಷ್ಟೆಂದು ಸಂಬಳದಲ್ಲಿ ಹಿಡಿಯುತ್ತಾರಂತೆ,
ಅಟೆಂಡರನಿಗೂ ಉಂಟಂತೆ.

ಹಾಳೆ ಪೂರ್ತಿ ಮಲಯಾಳ.
ನನಗೆ ಮಾತಾಡಲು ಬರುತ್ತದೆ, ಜಗಳಕ್ಕೂ ಸಾಲುತ್ತದೆ.
ಬಸ್ಸಿನ ಬೋರ್ಡು ನೋಡಿ ಹತ್ತುತ್ತೇನೆ.
ಆದರೆ ಅರ್ಜಿಯ ಮಲಯಾಳ
ಸುತ್ತಿಟ್ಟ ಬಾವಿ ಹಗ್ಗ:
ತುದಿ ಎಲ್ಲಿ ಅಂತ ಸಿಕ್ಕುವುದಿಲ್ಲ.

ಹಾಗಾಗಿ ಓದುವುದು ಹರ್ಷಿಣಿ,
ಉಂಡ ಬಟ್ಟಲು ಸರಿಸಿ, ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ.
ಒಂದು, ಹೆಸರು: ಸಂಕಪ್ಪ ಗಟ್ಟಿ.
ಎರಡು, ಮನೆ: ನಾಯ್ಕಾಪು, ಕುಂಬಳೆ.
ಮೂರು, ನಾಲ್ಕು, ಐದು, ಆರು
ನನ್ನನ್ನು ಕೇಳದೆಯೇ ತುಂಬಿದಳು.
ಏಳಕ್ಕೆ ಬಂದು ನಿಂತಳು.

‘ಆಶ್ರಿತರ್’ ಎಂದು ಓದಿದಳು.
ಈ ಶಬ್ದ ನನಗೆ ಗೊತ್ತು, ನಮ್ಮದೇ,
ಗಡಿ ದಾಟಿ ಹೋಗಿ ಅಂಗಿ ಬದಲಿಸಿ ಬಂದಿದೆ.
ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ:
ಇಪ್ಪತ್ತೈದರ ಒಳಗಿನ,
ಮದುವೆಯಾಗದ,
ಸ್ವಂತ ವರಮಾನ ಇಲ್ಲದ ಮಕ್ಕಳು.

‘ವಯಸ್ಸು ಸರಿ. ಮದುವೆ ಇಲ್ಲ, ಸರಿ.
ಮೂರನೆಯದು ಎಂತ ಮಾಡುವುದು ಅಪ್ಪ?’

ಕಾಲೇಜಿಲ್ಲದ ದಿನ ಅವಳು ಅಕ್ಷಯ ಕೇಂದ್ರದಲ್ಲಿ
ಊರವರ ಅರ್ಜಿ ತುಂಬುತ್ತಾಳೆ.
ದಿನಕ್ಕೆ ಮುನ್ನೂರು, ಫೋನಿಗೇ ಬೀಳುತ್ತದೆ.
ಅದರಲ್ಲಿ ಪರೀಕ್ಷೆಯ ಫೀಸು,
ಕಾಸರಗೋಡಿಗೆ ರೈಲಿನ ಸೀಸನ್ ಟಿಕೆಟು,
ಒಡೆದ ನನ್ನ ಕನ್ನಡಕಕ್ಕೆ ಎಡಗಾಜು,
ಮತ್ತೆ ಎರಡು ಕರೆಂಟು ಬಿಲ್ಲು.
ನಾನು ಕಟ್ಟಲು ಹೋಗಿ ಸಾಲಿನಲ್ಲಿ ನಿಂತು,
ಕಿಟಕಿಯ ಹುಡುಗ ‘ಕಟ್ಟಿಯಾಗಿದೆಯಲ್ಲ’ ಎಂದಾಗಲೇ
ನನಗೆ ತಿಳಿದದ್ದು.

ಒಳಗಿನಿಂದ ಸರೋಜಿನಿ ತುಳುವಿನಲ್ಲಿ ಬೈದಳು:
ಬರೆಯಬಾರದಾ, ಯಾರು ನೋಡುತ್ತಾರೆ?
ಕ್ಯಾಷಿಯರು ಸೋದರಳಿಯನನ್ನೇ ಮಗ ಎಂದು ಬರೆದಿಲ್ಲವಾ?
ಹೋದ ವರ್ಷದ ಡೆಂಗಿ ಮರೆತಿರಾ?
ಐದು ದಿನಕ್ಕೆ ಮೂವತ್ತೊಂದು ಸಾವಿರ,
ನನ್ನ ಬಳೆ ನಿಮ್ಮ ಬ್ಯಾಂಕಿನಲ್ಲೇ ಮಲಗಿದೆ.

ಮರೆತಿಲ್ಲ. ಅದರ ಚೀಟಿಯನ್ನು
ಲಾಕರಿಗೆ ಕೊಂಡುಹೋದದ್ದು ನಾನೇ.
ಇಪ್ಪತ್ತೆರಡು ವರ್ಷ ಲೆಡ್ಜರು ಹೊತ್ತವನು.
ಕಲಮಿನಲ್ಲಿ ಮಲಗಿಸಿದ ಸುಳ್ಳು
ಆಡಿಟ್ಟಿನ ದಿನ ಎದ್ದು ಕೂರುವುದನ್ನು
ಕಣ್ಣಾರೆ ಕಂಡಿದ್ದೇನೆ.

ಆದರೆ ಭಯ ಅದಲ್ಲ.
ವರಮಾನ ಇಲ್ಲ ಎಂದು ಬರೆದರೆ
ಅವಳ ಅಷ್ಟೂ ಶನಿವಾರ ಎಲ್ಲಿ ಹೋಗಬೇಕು?
ಪಿಂಚಣಿ ಮಂಜೂರಾಯಿತೆಂದು ಬೀಫಾತಿಮ
ಅವಳ ಕೈಗೆ ತುರುಕಿದ ಬಿಸಿ ಪತ್ತಿರಿ?
ಬರೆಯದೆ ಬಿಡುವುದೂ ಹೇಗೆ?
ಚುಚ್ಚುಮದ್ದಿನ ಕಾರ್ಡಿನಿಂದ ಹಿಡಿದು ರೇಷನ್ ಕಾರ್ಡಿನವರೆಗೆ
ಎಲ್ಲಿ ಜಾಗ ಇತ್ತೋ ಅಲ್ಲೆಲ್ಲ ಬರೆಸಿದ ಹೆಸರು.
ಒಂದು ಕಡೆ ತಪ್ಪಾಗಿಯೂ ಬರೆಸಿದ್ದೆ,
ತಿದ್ದಿಸಲು ಕಲೆಕ್ಟರ್ ಆಫೀಸಿಗೆ ಮೂರು ಸಲ ನಡೆದಿದ್ದೆ.

‘ಇನ್ನೊಮ್ಮೆ ಓದು’ ಅಂದೆ.
ಓದಿದಳು. ಬದಲಾಗಿರಲಿಲ್ಲ.
‘ನೀನೇ ನೋಡಿ ಬರಿ’ ಅಂದೆ.
ಅವಳು ಬೆರಳಿಟ್ಟ ಕಡೆ ಕನ್ನಡದಲ್ಲಿ ಸಹಿ ಹಾಕಿದೆ,
ಅವಳು ಎಂಟನೆಯ ಕ್ಲಾಸಿನಲ್ಲಿದ್ದಾಗಿನಿಂದ
ಹಾಗೆಯೇ ಹಾಕಿಕೊಂಡು ಬಂದಿದ್ದೇನೆ.

ಶುಕ್ರವಾರ ಸೆಕ್ರೆಟರಿ ಹಾಳೆಯ ಮೇಲೆ ಬೆರಳು ಜಾರಿಸುತ್ತಾ
ಏಳರಲ್ಲಿ ನಿಂತರು.
ಮಗಳ ಹೆಸರು ಇತ್ತು.
ಅದರ ಮುಂದೆ, ಹೌದು ಅಲ್ಲ ಎಂಬ ಎರಡು ಚೌಕ ಖಾಲಿ ಬಿಟ್ಟು
ಅಂಚಿನಲ್ಲಿ ಒಂದು ಶಬ್ದ.
‘ಭಾಗಿಕಂ’ ಎಂದು ಓದಿದರು.
ನನ್ನ ಮುಖ ನೋಡಿ ಕನ್ನಡದಲ್ಲಿ ಹೇಳಿದರು:
ಸ್ವಲ್ಪ ಭಾಗ ಅಂತ.

ಕಂಪ್ಯೂಟರಿನಲ್ಲಿ ಇದಕ್ಕೆ ಜಾಗ ಇಲ್ಲ ಗಟ್ಟಿಯವರೇ.
ಇರಲಿ ಸಾರ್, ಅಂದೆ.
ಇರಲಿ ಅಂದರೆ? ಎಷ್ಟು ಭಾಗ?

ಲೆಕ್ಕ ಹಾಕತೊಡಗಿದೆ,
ಎಡಗಣ್ಣಿನ ಗಾಜಿನಿಂದ.