ಇಪ್ಪತ್ತೆಂಟನೆಯ ದಿನ

ಕೋಡಿಬಾಗದ ಈ ಪ್ರಯೋಗಶಾಲೆಯಲ್ಲಿ ನನ್ನ ಕೆಲಸ ಒಡೆಯುವುದು.
ಅಂಗೈಯಗಲದ ಘನಗಳು; ಮೂರನೆಯ ದಿನ ಒಂದಿಷ್ಟು,
ಏಳಕ್ಕೆ ಒಂದಿಷ್ಟು, ಇಪ್ಪತ್ತೆಂಟಕ್ಕೆ ಉಳಿದ ಮೂರು.
ಮುಳ್ಳು ಎಲ್ಲಿಗೆ ನಿಂತಿತೋ ಅಷ್ಟು ಬರೆದು
ಸಹಿ ಹಾಕುತ್ತೇನೆ: ಸುಗಂಧಾ ಗುನಗಾ.

ಇದರಲ್ಲಿ ಸಿಮೆಂಟಿಲ್ಲ, ಒಂದು ಚಮಚವೂ ಇಲ್ಲ.
ಬೂದಿ ಬಂದದ್ದು ಬಯಲುಸೀಮೆಯ ಯಾವುದೋ ಚಿಮಣಿಯ ಬುಡದಿಂದ,
ಅರಬೈಲ್ ಘಟ್ಟದ ತಿರುವಿಗೊಂದು ಮುಷ್ಟಿ ಚೆಲ್ಲುತ್ತ.
ಕಿಟ್ಟ, ಕಬ್ಬಿಣ ತನಗೆ ಬೇಡವೆಂದು ಉಗುಳಿದ್ದು.
ಗಸಿ, ಹೊಳೆಯ ಮೇಲಿನ ಕಾಗದದ ಗಿರಣಿಯದು;
ಯಾರೋ ಬರೆಯಲಿರುವ ಹಾಳೆ ಬೆಳ್ಳಗಾಗುವಾಗ
ತಳಕ್ಕಿಳಿದ ಸುಣ್ಣ.
ಒಂದೇ ಬೋಗುಣಿಯಲ್ಲಿ ಕಲಸಿ ಕ್ಷಾರದ ನೀರು ಹೊಯ್ಯುತ್ತೇನೆ.
ಆ ನೀರು ಒಮ್ಮೆ ಮಣಿಕಟ್ಟಿಗೆ ಸಿಡಿದ ಗುರುತು ಇನ್ನೂ ಇದೆ,
ಹುಣಸೆಬೀಜದಷ್ಟು.

ಬೂದಿಯೆಂದರೆ ನಮಗೆ ಮುಗಿದದ್ದು.
ಪಾತ್ರೆ ತಿಕ್ಕಲಿಕ್ಕೆ, ಬಸಳೆಯ ಬುಡಕ್ಕೆ.
ಅಪ್ಪನನ್ನು ಮಡಕೆಯಲ್ಲಿ ತಂದು ಬಿಟ್ಟದ್ದೂ ಇಲ್ಲೇ,
ಕಾಳಿ ಕಡಲಿಗೆ ಸೇರುವಲ್ಲಿ.
ಬೂದಿ ಮುಚ್ಚಿದ ಕೆಂಡ ಅನ್ನುತ್ತಾರಲ್ಲ,
ನಾನು ಕಂಡದ್ದು ಬೇರೆ. ಇಲ್ಲಿ ಬೂದಿಯೇ ಕೆಂಡ.
ಅಚ್ಚಿಗೆ ಸುರಿದ ರಾತ್ರಿ ಕೈಯಿಟ್ಟರೆ
ಜ್ವರದ ಮಗುವಿನ ಹಣೆಯಷ್ಟು ಬೆಚ್ಚಗೆ.

ಕಾಗಾಲದಿಂದ ಜಟ್ಟು ಅಂಬಿಗರು ಬಂದಿದ್ದರು,
ಮೊಮ್ಮಗನ ಸ್ಕೂಟರಿನ ಹಿಂದೆ ಕೂತು.
ನಲವತ್ತು ವರ್ಷ ಬೆಳಚಿನ ಚಿಪ್ಪಿ ಸುಟ್ಟವರು,
ಗೂಡು ಆರಿದ ಮೇಲೂ ರೆಪ್ಪೆ ಬಿಳಿಯಾಗಿಯೇ ಉಳಿದವರು.
ಘನದ ಮೂಲೆಯನ್ನು ಉಗುರಿನಿಂದ ಕೆರೆದು
ನಾನು ಬೇಡ ಬೇಡ ಅನ್ನುವಷ್ಟರಲ್ಲಿ ನಾಲಗೆಗಿಟ್ಟರು.
“ಉಪ್ಪದೆ ತಂಗಿ. ಮಳೆಗಾಲಕ್ಕೆ ಇದು ಅಳ್ತದೆ.”
ಸಾಹೇಬರು ನಕ್ಕರು. ನಾನೂ ನಕ್ಕೆ, ಸ್ವಲ್ಪ.

ಆ ವರ್ಷ ದೋಣಿ ಕಟ್ಟೆಗೆ ನಮ್ಮದೇ ಗಾರೆಯ ಆರು ಮೆಟ್ಟಿಲು.
ಜುಲೈಯಲ್ಲಿ ಎರಡನೆಯದು ಬೆಳ್ಳಗೆ ಹೂ ಬಿಟ್ಟಿತು.
ಬುಟ್ಟಿ ಇಳಿಸಿದ ಶೇವಂತಿ ಹರಿಕಂತ್ರ
ಕಾಲ್ಬೆರಳಿನಿಂದ ಒರೆಸಿ ನೋಡಿ ಅಂದಳು,
“ಒಳಗೆ ಸಮುದ್ರ ಸೇರ್ಕಂಡದೆ.”
ಗಸಿಯ ಉಪ್ಪು. ತೊಳೆದಿರಲಿಲ್ಲ ನಾವು.
ಅವಸರ; ಮಾರ್ಚ್ ಮೂವತ್ತೊಂದರ ಬಿಲ್ಲು.
ಪಕ್ಕದ ಸಿಮೆಂಟು ಕಟ್ಟೆ ಸೀಳಿ ಎರಡು ವರ್ಷ, ಯಾರೂ ಕೇಳಿಲ್ಲ.
ನಮ್ಮ ಕಲೆಗೆ ಮೂರು ಪತ್ರ, ಒಂದು ತನಿಖೆ.
ಆ ಕಣ್ಣಿಗೆ ಬೆಣ್ಣೆ.
ಈ ಕಣ್ಣಿಗೆ ಬೇಕಾದ ಸುಣ್ಣ
ನಮ್ಮ ಬಳಿಯೇ ಮೂಟೆಗಟ್ಟಲೆ ಇತ್ತು.

ಈಗ ಗಸಿಯನ್ನು ಮೂರು ನೀರಲ್ಲಿ ತೊಳೆಯುತ್ತೇವೆ, ಅಕ್ಕಿಯ ಹಾಗೆ.
ಮೇಲೆ ಚಿಪ್ಪಿಯ ಸುಣ್ಣ, ಜಟ್ಟು ಅಂಬಿಗರ ಅಳತೆಯಲ್ಲಿ:
“ಕೈ ಸಾಕು ಅನ್ನುವಷ್ಟು.”
ಅದನ್ನು ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇಲ್ಲ.
ಶೇಕಡಾ ನಾಲ್ಕು ಎಂದು ಬರೆದೆ.

ಇವತ್ತು ಇಪ್ಪತ್ತೆಂಟು.
ಮೊದಲನೆಯದು ಬಹಳ ಹೊತ್ತು ತಡೆದು
ಒಣ ತೆಂಗಿನಕಾಯಿಯಂತೆ ಒಂದೇ ಸದ್ದಿಗೆ ಬಿಟ್ಟಿತು.
ಎರಡನೆಯದು ಇನ್ನೂ ಹಟಮಾರಿ.
ಮೂರನೆಯದರ ಎದುರು “ಮಾದರಿ ಹಾಳು” ಎಂದು ಬರೆದು
ಊಟದ ಡಬ್ಬಿಯ ಚೀಲದಲ್ಲಿ ಮನೆಗೆ ತಂದಿದ್ದೇನೆ.
ಪಡುವಣ ಗಾಳಿಗೆ ಬಡಿದುಕೊಳ್ಳುವ ಹಿತ್ತಲ ಬಾಗಿಲಿಗೆ
ಅದೇ ಈಗ ಆನಿಕೆ.

ಯಾರೂ ಇಲ್ಲದಾಗ ಒಮ್ಮೆ ನಾಲಗೆ ತಾಗಿಸಿ ನೋಡಿದೆ.
ಉಪ್ಪಿತ್ತು.
ಆದರೆ ಕಾರವಾರದಲ್ಲಿ
ಯಾವುದಕ್ಕಿಲ್ಲ.