ಎಡಗಾಲು ತಡ

ಟಾರ್ಟುವಿನಿಂದ ಬಂದಿದ್ದನಂತೆ ಒಬ್ಬ,
ದೋಣಿಯಿಂದ ಸೈಕಲ್ಲು ಇಳಿಸಿಕೊಂಡು,
ಜೇಬಿನಲ್ಲಿ ಎರಡು ಪೆನ್ಸಿಲು, ಗೆರೆ ಹಾಕಿದ ಪುಸ್ತಕ.
ಎಸ್ಟೋನಿಯಾಕ್ಕೊಂದು ಕುಣಿತ ಬೇಕಿತ್ತು ಆಗ;
ಬಾವುಟ ಮೊದಲೇ ಹೊಲಿದಾಗಿತ್ತು.

ನಮ್ಮಜ್ಜಿ ಎಂಡ್ಲಾ
ಮೀನಿಗೆ ಹೊಗೆ ಹಾಕುತ್ತಿದ್ದವಳು ಎದ್ದು ಬಂದು
ಕೈ ಒರೆಸಿಕೊಂಡು
ರೈ ಒಕ್ಕುವ ಹಲಗೆಯ ಮೇಲೆ
ಮೂರು ಸುತ್ತು ಕುಣಿದಳು.
ಅವನು ಬರೆದುಕೊಂಡ: ಬಲ, ಬಲ,
ಎಡಗಾಲು ಅರೆಗಳಿಗೆ ತಡ.
ತಡದ ಕೆಳಗೆ ಎರಡು ಗೆರೆ ಎಳೆದ.
‘ಈ ದ್ವೀಪದ ಜೀವ ಇಲ್ಲಿದೆ’ ಅಂದ.

ಕುದುರೆ ಒದ್ದ ಮಂಡಿ ಅದು.
ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.
ಬಂದವರಿಗೆ ಕಪ್ಪು ರೊಟ್ಟಿ, ಬೆಣ್ಣೆ
ಕಟ್ಟಿಕೊಡುವುದು ರೂಢಿ;
ಕಾಲಿನ ಕತೆಯನ್ನಲ್ಲ.

ಆಮೇಲೆ ದೇಶವೇ ಹೋಯಿತು.
ಬಾವುಟ ಅಟ್ಟದ ಮೇಲೆ, ಆಲೂಗಡ್ಡೆ ಗೋಣಿಯೊಳಗೆ.
ಕುಣಿತಕ್ಕೆ ಮಾತ್ರ ಪರವಾನಗಿಯಿತ್ತು,
ಕೆಂಪು ಬಟ್ಟೆಯ ಕೆಳಗೆ,
ಮೊದಲೊಂದು ಭಾಷಣ ಕೇಳಿ.
ಟೀಚರು ಚಪ್ಪಾಳೆ ತಟ್ಟಿ ಕೂಗುವರು:
‘ಎಡಗಾಲು ತಡ! ತಡ! ಯಾರದು ಮುಂದೋಡಿದ್ದು?’
ಗಟ್ಟಿ ಮಂಡಿಯ ಹುಡುಗಿಯರು ನಾವು
ಕುಂಟುವುದನ್ನು ಬಾಯಿಪಾಠ ಮಾಡಿದೆವು,
ಅದೊಂದನ್ನು ಕಳೆದುಕೊಂಡರೆ
ಮತ್ತೇನೂ ಉಳಿಯದೆಂಬಂತೆ.

ಈ ಜುಲೈ. ತಾಲಿನ್‌ನ ಮೈದಾನ.
ಎಂಟು ಸಾವಿರ ಜನ, ಪಟ್ಟೆ ಲಂಗ, ಉಣ್ಣೆಯ ಕಾಲುಚೀಲ,
ತುಂತುರಿಗೆ ಹುಲ್ಲು ಜಾರುತ್ತಿದೆ.
ಅಟ್ಟದಿಂದಿಳಿದ ಬಾವುಟಕ್ಕೆ
ಇನ್ನೂ ಮಣ್ಣಿನ ವಾಸನೆಯಿದೆಯೆಂದು ನನಗೆ ಭ್ರಮೆ.
ಬಲ, ಬಲ...
ಅರೆಗಳಿಗೆ
ಎಂಟು ಸಾವಿರ ಎಡಗಾಲು ಗಾಳಿಯಲ್ಲಿ ನಿಂತು
ಒಂದು ಕುದುರೆಯ ಒದೆತಕ್ಕೆ ಕಾಯುತ್ತವೆ.

ಪಕ್ಕದ ಹುಡುಗಿ, ಹದಿನೇಳಿರಬಹುದು,
ತುಟಿಯಂಚಿನಲ್ಲೇ ತಿದ್ದುತ್ತಾಳೆ:
‘ನಿಮ್ಮದು ಕೊಂಚ ಜಾಸ್ತಿಯಾಯ್ತು, ಅಜ್ಜಿ.’
ಎರಡು ವರ್ಷದಿಂದ ಮಂಡಿ ನೋವು ನನಗೆ.
ಹೇಳಲಿಲ್ಲ.