ಬೀರುವಿನ ಬಾಗಿಲು

ತ್ಬಿಲಿಸಿಯ ಈ ಅಂಗಳಕ್ಕೆ ಬಿಸಿಲು ಇಳಿಯುವುದಿಲ್ಲ.
ಪಕ್ಕದಲ್ಲಿ ಒಂಬತ್ತು ಮಹಡಿ ಎದ್ದಂದಿನಿಂದ
ಮಕ್ವಾಲಾಳ ತಾರ್ಖುನ ಸೊಪ್ಪು
ಹೊಗೆಬಣ್ಣ, ದಾರದಷ್ಟು ಸಣಕಲು.

ಮದುವೆಗೆ ಬಂದ ಬೀರುವಿನ ಬಾಗಿಲು ಬಿಚ್ಚಿ
ಕನ್ನಡಿ ಸಮೇತ ಮೇಲಕ್ಕೆ ಹೊರಿಸಿದಳು,
ಮೂರನೇ ಮಹಡಿಯ ಬಿಚಿಕೋನ ಬಾಲ್ಕನಿಗೆ:
ನೀರಿನ ಬಿಲ್ಲಿಗೆ ಜಗಳವಾಡಿ
ಆರು ವರ್ಷ ಮಾತು ಬಿಟ್ಟವನು.

ಈಗಲೂ ಮಾತಿಲ್ಲ.
ಹನ್ನೆರಡೂಕಾಲಿಗೆ ಹಗ್ಗ ಜಗ್ಗುತ್ತಾನೆ.
ಬಿಸಿಲು ಗೋಡೆ ತಡಕುತ್ತ, ಒಣಹಾಕಿದ ಬಟ್ಟೆ ದಾಟಿ
ಕುಂಡದ ಅಂಚಿಗೆ ಬಂದು ನಿಲ್ಲುತ್ತದೆ.
ಎಡಕ್ಕೆ, ಎಂದು ಇವಳು ಕೈ ಬೀಸಿದರೆ
ಬೇಕೆಂದೇ ಬಲಕ್ಕೆ; ಆಮೇಲೆ ಎಡಕ್ಕೆ.

ಕನ್ನಡಿಯ ಪಾದರಸ ಒಂದು ಕಡೆ ಹೋಗಿದೆ.
ಅಲ್ಲಿ ಬಿಸಿಲಿಗೂ ಅಂಗೈಯಗಲ ತೂತು.
ಆ ತೂತಿನೊಳಗಿನ ಒಂದು ಗಿಡ
ನೆರೆಯವರ ಬೆಳಕಿಗೆ ಕತ್ತು ಚಾಚಿದೆ.

ಸೂರ್ಯ ಸರಿದಂತೆ ಹಗ್ಗವನ್ನೂ ಸರಿಸಬೇಕು.
ನಿನ್ನೆ ಬಿಚಿಕೋ ಕೂತಲ್ಲೇ ತೂಕಡಿಸಿದ.
ಬಿಸಿಲ ತುಂಡು ಸೊಪ್ಪು ಬಿಟ್ಟು, ಕಲ್ಲು ಹತ್ತಿ
ಮುರುಕು ಕುರ್ಚಿಯಲ್ಲಿದ್ದವಳ ಮಡಿಲಿಗೆ ಬಂತು.

ಅವಳು ಕೂಗಿ ಎಬ್ಬಿಸಲಿಲ್ಲ.
ನೋಯುವ ಮಂಡಿ ಎರಡನ್ನೂ ಅದರೊಳಗಿಟ್ಟು
ಸೊಪ್ಪಿನ ಪಾಲನ್ನು ತಾನೇ ಕಾಯಿಸಿಕೊಂಡಳು,
ಕಳ್ಳಿ,
ಮುಳ್ಳಿಲ್ಲದ ಕಳ್ಳಿ.